ಬೋರ್ಡ್ ಹಳೆಯದು, ಮೈಯೆಲ್ಲ ಹೊಸದು: ಈ ಗೇಮ್ ಬಾಯ್ ಒರಿಜಿನಲ್ ಅನ್ನಬಹುದಾ?

ಬ್ಯಾಟರಿಡಬ್ಬ:
ನಮಸ್ಕಾರ ಎಲ್ಲರಿಗೂ. ಆನ್‌ಲೈನ್‌ನಲ್ಲಿ ಒಬ್ಬರಿಂದ ಒಂದು ಗೇಮ್ ಬಾಯ್ ಕಲರ್ ತೆಗೆದುಕೊಂಡೆ, ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಹಳೆ ವಿಡಿಯೊ ಗೇಮ್. ಒಳಗಿನ ಬೋರ್ಡ್ ಕಾಣುವ ನೇರಳೆ ಬಣ್ಣದ್ದು, ಅಟಾಮಿಕ್ ಪರ್ಪಲ್ ಅಂತಾರಲ್ಲ, ಅದು. ಜಾಹೀರಾತಿನಲ್ಲಿ 'ನೂರಕ್ಕೆ ನೂರು ಒರಿಜಿನಲ್, ಹೊಸದರ ಹಾಗಿದೆ' ಅಂತ ಹಾಕಿದ್ದರು. ಬಂದಾಗ ನಿಜಕ್ಕೂ ಹೊಸದರ ಹಾಗೇ ಇತ್ತು, ಅನುಮಾನ ಬಂದಿದ್ದೇ ಅದಕ್ಕೆ. ಸುಮಾರು 1998ರ ಪ್ಲಾಸ್ಟಿಕ್, ಅದರ ಮೇಲೆ ಒಂದು ಗೀರೂ ಇಲ್ಲ ಅಂದರೆ ಹೇಗೆ?

ಬಿಚ್ಚಿ ನೋಡಿದೆ. ಬೋರ್ಡ್ ಅಸಲಿ. ಸಿಜಿಬಿ-ಸಿಪಿಯು ಅಂತ ಅಚ್ಚು ಇದೆ, ನಿಂಟೆಂಡೊ ಹೆಸರಿದೆ, ಚಿಪ್ ಮೇಲಿನ ಕೋಡ್ ಕೂಡ ಆ ಕಾಲದ್ದೇ. ಆದರೆ ಶೆಲ್ (ಹೊರಗಿನ ಪ್ಲಾಸ್ಟಿಕ್ ಕವಚ) ಹೊಸದು, ಲೆನ್ಸ್ (ಸ್ಕ್ರೀನ್ ಮೇಲಿನ ಪಾರದರ್ಶಕ ಮುಚ್ಚಳ) ಹೊಸದು, ಬಟನ್ ಹೊಸದು, ಬಟನ್ ಅಡಿಯ ರಬ್ಬರ್ ಹೊಸದು. ಹಿಂದಿನ ಸ್ಟಿಕ್ಕರ್ ಅಂತೂ ತಮಾಷೆ. ಅದರ ಮೇಲಿನ ಸೀರಿಯಲ್ ನಂಬರ್ ಅದೇ ಮಾರಾಟಗಾರನ ಇನ್ನೊಂದು ಜಾಹೀರಾತಿನ ಫೋಟೋದಲ್ಲೂ ಇದೆ! ಕೇಳಿದ್ದಕ್ಕೆ 'ಬೋರ್ಡ್ ಒರಿಜಿನಲ್ ಸಾರ್, ಹಾಗಾಗಿ ಗೇಮ್ ಬಾಯ್ ಒರಿಜಿನಲ್' ಅಂದ.

ದುಡ್ಡಿನ ವಿಷಯ ನಾನು ನೋಡಿಕೊಳ್ಳುತ್ತೇನೆ. ನಿಮ್ಮನ್ನು ಕೇಳಬೇಕಾಗಿದ್ದು ಬೇರೆ. ಅವನು ಹೇಳಿದ್ದರಲ್ಲಿ ಏನಾದರೂ ಅರ್ಥ ಇದೆಯಾ? ಎಷ್ಟು ಭಾಗ ಬದಲಾದ ಮೇಲೆ ಒಂದು ಹಳೆ ಕನ್ಸೋಲ್ 'ಒರಿಜಿನಲ್' ಅಲ್ಲ ಅಂತ ನೀವೆಲ್ಲ ಲೆಕ್ಕ ಹಾಕುತ್ತೀರಿ?

ಶಾರ್ಜಾ_ಶೆಟ್ಟಿ:
ಆಟ ಆಡಲಿಕ್ಕೆ ಬರುತ್ತದಾ? ಬರುತ್ತದೆ. ಮತ್ತೆ ಎಂಥ ಸಮಸ್ಯೆ ಮಾರಾಯ್ರೆ? ಕಾರಿಗೆ ಹೊಸ ಟಯರ್ ಹಾಕಿದರೆ ಕಾರು ನಕಲಿ ಆಗುತ್ತದಾ?

ಬ್ಯಾಟರಿಡಬ್ಬ:
ಶೆಟ್ರೆ, ಟಯರ್ ಬದಲಾಯಿಸಿದ್ದರೆ ಪರವಾಗಿಲ್ಲ, ಇಲ್ಲಿ ಬಾಡಿಯನ್ನೇ ಬದಲಾಯಿಸಿ, ಚಾಸಿ ನಂಬರ್ ಪ್ರಿಂಟ್ ಹಾಕಿ ಅಂಟಿಸಿದ್ದಾನೆ.

ಟ್ರೈವಿಂಗ್ ಟೀಚರ್:
ಎಲ್ಲ ಭಾಗಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಾನು ಇವುಗಳನ್ನು ರಿಪೇರಿ ಮಾಡುವವಳು, ನನ್ನ ಟೇಬಲ್ ಮೇಲೆ ಎರಡು ತರಹದ ಭಾಗಗಳು ಬರುತ್ತವೆ.

ಕೆಲವು ಭಾಗ ಸವೆಯುವುದಕ್ಕೇ ಇರುವಂಥವು. ಕೆಪಾಸಿಟರ್, ಬ್ಯಾಟರಿ ಹಿಡಿಯುವ ತಗಡು, ಸ್ಪೀಕರ್, ಕಾರ್ಟ್ರಿಜ್ (ಆಟದ ಕ್ಯಾಸೆಟ್) ಒಳಗೆ ಆಟದ ಸೇವ್ ಉಳಿಸುವ ಬ್ಯಾಟರಿ. ಸೆಗಾ ಗೇಮ್ ಗೇರ್ ತೆಗೆದುಕೊಳ್ಳಿ, 1990ರದ್ದು. ಅದರ ಕೆಪಾಸಿಟರ್‌ಗಳು ಸೋರುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಮೊದಲು ಸೌಂಡ್ ಕಡಿಮೆ ಆಗುತ್ತದೆ, ಆಮೇಲೆ ಚಿತ್ರ ಮಂಕಾಗುತ್ತದೆ, ಕೊನೆಗೆ ಆ ದ್ರವ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಅಲ್ಲಿ 'ನನಗೆ ಒರಿಜಿನಲ್ ಕೆಪಾಸಿಟರ್ರೇ ಬೇಕು' ಅಂತ ಕೂತರೆ ಒರಿಜಿನಲ್ ಬೋರ್ಡ್ ಹಾಳಾಗುತ್ತದೆ. ಅದನ್ನು ಬದಲಾಯಿಸಿದ್ದಕ್ಕೆ ಯಾವ ಕಲೆಕ್ಟರ್ರೂ ಮೂಗು ಮುರಿದಿದ್ದು ನಾನು ನೋಡಿಲ್ಲ. ಪೋಕೆಮಾನ್ ಗೋಲ್ಡ್, ಸಿಲ್ವರ್‌ನಲ್ಲಿರುವ ಸಿಆರ್2025 ಬ್ಯಾಟರಿಯೂ ಅಷ್ಟೇ. ಸತ್ತರೆ ಹೊಸದು ಹಾಕಬೇಕು.

ಇನ್ನು ಕೆಲವು ಭಾಗ ಆ ವಸ್ತುವಿನ ಮುಖ. ಶೆಲ್, ಲೆನ್ಸ್, ಸ್ಕ್ರೀನ್, ಬಟನ್, ಹಿಂದಿನ ಸ್ಟಿಕ್ಕರ್. ಇವು ಬದಲಾದರೆ ಕೈಗೆ ಸಿಗುವ ಅನುಭವವೇ ಬೇರೆ. ಒರಿಜಿನಲ್ ಶೆಲ್ ಮೇಲೆ ಸಣ್ಣ ಒರಟುತನ ಇರುತ್ತದೆ, ರಿಪ್ರೊದಲ್ಲಿ, ಅಂದರೆ ಬೇರೆಯವರು ಅದೇ ತರಹ ಮಾಡಿ ಮಾರುವ ಹೊಸ ಭಾಗದಲ್ಲಿ, ಅದು ಜಾಸ್ತಿ ಹೊಳಪು ಅಥವಾ ಜಾಸ್ತಿ ನಯ. ರಬ್ಬರ್ ಅಂತೂ ಕಣ್ಣು ಮುಚ್ಚಿ ಒತ್ತಿದರೂ ಗೊತ್ತಾಗುತ್ತದೆ. ಹಳೆಯದು ಟಕ್ ಅಂತ ಕೂರುತ್ತದೆ, ರಿಪ್ರೊ ಎಷ್ಟೋ ಸಲ ಬೇಯದ ಇಡ್ಲಿ ಒತ್ತಿದ ಹಾಗೆ. ಅದಕ್ಕೇ ಶೆಲ್ ಬದಲಾಯಿಸಲು ಬರುವವರಿಗೆ ನಾನು ಹೇಳುವುದು ಒಂದೇ, ಹಳೆ ರಬ್ಬರ್ ಎಸೆಯಬೇಡಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಮತ್ತೆ ಹಾಕಿ. ಹರಿದಿಲ್ಲ ಅಂದರೆ ಇನ್ನೂ ಎಷ್ಟೋ ವರ್ಷ ಬರುತ್ತದೆ.

ನಿಮ್ಮ ಕಲರ್‌ನಲ್ಲಿ ಸ್ಕ್ರೀನ್ ಯಾವುದಿದೆ? ಅದನ್ನು ಹೇಳಲಿಲ್ಲ ನೀವು.

ಬ್ಯಾಟರಿಡಬ್ಬ:
ಸ್ಕ್ರೀನ್ ಹಳೆಯದೇ ಮೇಡಂ. ದೀಪ ಇಲ್ಲದ್ದು, ಕಿಟಕಿ ಪಕ್ಕ ಕೂತು ಆಡಬೇಕು. ಮೂಲೆಯಲ್ಲಿ ಧೂಳಿದೆ. ಅದನ್ನು ನೋಡಿ ಖುಷಿಯಾಯಿತು ಅಂದರೆ ನಗಬೇಡಿ.

ಪಿಕ್ಸೆಲ್ ಪಾಪಣ್ಣ:
ದೀಪ ಇಲ್ಲದ ಸ್ಕ್ರೀನ್‌ನಲ್ಲಿ ಆಡುವುದು ಭಕ್ತಿ, ಆಟ ಅಲ್ಲ. 😄 ಗುರು, ಐಪಿಎಸ್ ಕಿಟ್ ಹಾಕಿಸು, ಒಳಗೇ ದೀಪ ಇರುವ ಹೊಸ ತರಹದ ಸ್ಕ್ರೀನ್. ಒಂದು ಸಲ ಆ ಬೆಳಕು ನೋಡಿದ ಮೇಲೆ ಹಳೆಯದಕ್ಕೆ ವಾಪಸ್ ಹೋಗಲ್ಲ. ಕಲರ್ ಆದ ಮೇಲಿನ ಮಾಡೆಲ್ ಗೇಮ್ ಬಾಯ್ ಅಡ್ವಾನ್ಸ್ 2001ರಲ್ಲಿ ಬಂದಾಗಲೇ ಜನ ಸ್ಕ್ರೀನ್ ಕತ್ತಲೆ ಅಂತ ಬೈದಿದ್ದರು. ಮೊದಲ ದಿನಗಳಲ್ಲೇ ಬಂದ ಕ್ಯಾಸಲ್‌ವೇನಿಯಾ ಸರ್ಕಲ್ ಆಫ್ ದಿ ಮೂನ್ ನೋಡಿ, ಕತ್ತಲೆ ಕೋಟೆಯ ಆಟ, ಕತ್ತಲೆ ಸ್ಕ್ರೀನ್, ಏನೂ ಕಾಣುತ್ತಿರಲಿಲ್ಲ. ಆ ಆಟವನ್ನು ಜನ ಸರಿಯಾಗಿ 'ನೋಡಿದ್ದೇ' ಬ್ಯಾಕ್‌ಲೈಟ್ ಬಂದ ಮೇಲೆ. ಇದರಲ್ಲಿ ಅಸಲಿ ಯಾವುದು ಹೇಳಿ? ಯಾರಿಗೂ ಕಾಣದಿದ್ದ ಆಟವೋ, ಕಾಣುವ ಆಟವೋ?

ಇನ್ನೊಂದು ಮಾತು. ಈ ಮಾಡಿಫಿಕೇಶನ್ ಚಟ ಇವತ್ತಿನದಲ್ಲ. ಆಫ್ಟರ್‌ಬರ್ನರ್ ಅಂತ ಅಡ್ವಾನ್ಸ್ ಒಳಗೆ ಕೂರಿಸುವ ಫ್ರಂಟ್ ಲೈಟ್ ಕಿಟ್ 2002ರಲ್ಲೇ ಮಾರಾಟಕ್ಕಿತ್ತು. ನಿಂಟೆಂಡೊ ಅಡ್ವಾನ್ಸ್‌ನ ಮಡಚುವ ಮಾಡೆಲ್ ಎಸ್‌ಪಿ ತಂದು ತಾನೇ ದೀಪ ಹಾಕಿದ್ದು 2003ರಲ್ಲಿ. ಅಂದರೆ ಕಂಪನಿಗಿಂತ ಮೊದಲು ಜನರೇ ಹಾಕಿಕೊಂಡಿದ್ದರು.

ಜನತಾಗೆ_ಕೀ_ಕೊಡಿ:
ಪಾಪಣ್ಣ ಹೇಳಿದ್ದರಲ್ಲಿ ಒಂದು ಒಳ್ಳೆ ಪ್ರಶ್ನೆ ಅಡಗಿದೆ. 2002ರಲ್ಲಿ ಯಾರೋ ಹುಡುಗ ಆಫ್ಟರ್‌ಬರ್ನರ್ ಹಾಕಿಸಿದ ಅಡ್ವಾನ್ಸ್ ಇವತ್ತು ನನಗೆ ಸಿಕ್ಕರೆ ನಾನು ಆ ಕಿಟ್ ತೆಗೆಯಲ್ಲ. ಅದು ಆ ಕಾಲದ ಗುರುತು. ಆದರೆ ಅದೇ ಅಡ್ವಾನ್ಸ್‌ಗೆ ಹೋದ ವಾರ ಐಪಿಎಸ್ ಹಾಕಿದ್ದರೆ ನನಗೆ ಆ ಆಸಕ್ತಿ ಇರಲ್ಲ. ಇದು ನ್ಯಾಯನಾ? ಇಪ್ಪತ್ತು ವರ್ಷ ಕಳೆದರೆ ಇವತ್ತಿನ ಐಪಿಎಸ್ಸೂ 'ಆ ಕಾಲದ ಗುರುತು' ಆಗುತ್ತದೇನೋ.

ನಾನು ಮೂಲತಃ ವಾಚ್ ಹುಚ್ಚಿನವನು, ಗೇಮ್ ಬಾಯ್ ಆಮೇಲೆ ಬಂದಿದ್ದು. ಬೆಂಗಳೂರಿನ ಎಚ್‌ಎಂಟಿ ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ವಾಚ್ ಮಾಡೋಕೆ ಶುರು ಮಾಡಿತು. ಈಗ ಹಳೆ ಎಚ್‌ಎಂಟಿ ಹುಡುಕಲು ಹೋಗಿ ನೋಡಿ, ಕೆಂಪು, ನೀಲಿ, ಗಿಳಿ ಹಸಿರು ಡಯಲ್‌ಗಳು ಥಳಥಳ ಹೊಳೆಯುತ್ತವೆ. ಅವುಗಳಲ್ಲಿ ಎಷ್ಟೋ ರೀಡಯಲ್. ಒಳಗಿನ ಮೆಷಿನ್ ಅಸಲಿ, ಮುಖಕ್ಕೆ ಹೊಸ ಬಣ್ಣ. ನಮ್ಮಲ್ಲಿ ಈ ಜಗಳ ಗೇಮ್ ಬಾಯ್‌ಗಿಂತ ಹಳೆಯದು, ಉತ್ತರವೂ ಹೆಚ್ಚು ಕಡಿಮೆ ಒಪ್ಪಿಗೆಯಾಗಿದೆ. ರೀಡಯಲ್ ಅಂತ ಹೇಳಿ ಮಾರಿದರೆ ಅದು ಕಟ್ಟಿಕೊಳ್ಳೋಕೆ ಒಂದು ಚೆಂದದ ವಾಚ್, ಹೇಳದೆ ಮಾರಿದರೆ ಮೋಸ. ವಾಚ್ ಅದೇ, ಬಣ್ಣವೂ ಅದೇ, ಬದಲಾಗೋದು ಹೇಳಿದ ಮಾತು ಮಾತ್ರ.

ಬ್ಯಾಟರಿಡಬ್ಬ ಅವರ ಮಾರಾಟಗಾರ ಶೆಲ್ ಬದಲಿಸಿದ್ದಕ್ಕೆ ನಾನು ಅವನನ್ನು ಬೈಯಲ್ಲ. ಸ್ಟಿಕ್ಕರ್ ಅಂಟಿಸಿದ್ದಕ್ಕೆ ಬೈತೀನಿ. ಶೆಲ್ ಹೊಸದಾದರೆ ಅದಕ್ಕೊಂದು ಉಪಯೋಗ ಇದೆ, ಕೈಯಲ್ಲಿ ಹಿಡಿಯಬೇಕಲ್ಲ. ಸೀರಿಯಲ್ ನಂಬರ್ ಪ್ರಿಂಟ್ ಮಾಡಿ ಅಂಟಿಸುವುದಕ್ಕೆ ಸುಳ್ಳು ಹೇಳುವುದು ಬಿಟ್ಟು ಬೇರೆ ಯಾವ ಕೆಲಸ ಇದೆ?

ಶಾರ್ಜಾ_ಶೆಟ್ಟಿ:
ಈಗ ಸರಿಯಾಗಿ ಅರ್ಥ ಆಯಿತು. ಸ್ಟಿಕ್ಕರ್ ವಿಷಯಕ್ಕೆ ನಾನೂ ನಿಮ್ಮ ಕಡೆ.

ಆದರೂ ಒಂದು ಹೇಳಬೇಕು. ನಮ್ಮ ಕಡೆಗೆ ಇವು ಬಂದದ್ದೇ ಸೂಟ್‌ಕೇಸಿನಲ್ಲಿ. ದುಬೈಯಿಂದ, ಕುವೈತಿನಿಂದ ಮಾವಂದಿರು ತಂದು ಕೊಟ್ಟದ್ದು, ಇಲ್ಲಾಂದ್ರೆ ಮದ್ರಾಸಿನ ಬರ್ಮಾ ಬಜಾರ್, ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್. ಬಾಕ್ಸ್ ಇಟ್ಟವರು ಯಾರು? ಬಿಲ್ ಎಲ್ಲಿಯದು? ನಮ್ಮ ಮನೆಯ ಬೂದು ಬಣ್ಣದ ಇಟ್ಟಿಗೆ ಗೇಮ್ ಬಾಯ್‌ಗೆ ಬ್ಯಾಟರಿ ಮುಚ್ಚಳ ಇರಲೇ ಇಲ್ಲ, ರಬ್ಬರ್ ಬ್ಯಾಂಡ್ ಹಾಕಿ ಆಡುತ್ತಿದ್ದೆವು. ನಾಲ್ಕು ಪೆನ್ಸಿಲ್ ಸೆಲ್ಲು ತಿನ್ನುತ್ತಿತ್ತು ಅದು, ಮನೆಯ ಟಾರ್ಚಿಗೆ ಸೆಲ್ಲು ಇರುತ್ತಿರಲಿಲ್ಲ. ಹಿಂದೆ ನಮ್ಮಣ್ಣ ಕೈವಾರದ ಮುಳ್ಳಿನಲ್ಲಿ ಹೆಸರು ಕೆತ್ತಿದ್ದಾನೆ, ಎಸ್ ಅಕ್ಷರ ಉಲ್ಟಾ. ಈಗ ನಾನು ರಿಪ್ರೊ ಮುಚ್ಚಳ ತರಿಸಿ ಹಾಕಿದ್ದೇನೆ, ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ಇರಲಿ. ಆ ಶೆಲ್ಲನ್ನು ಮಾತ್ರ ಯಾರು ಏನು ಕೊಟ್ಟರೂ ಬದಲಿಸುವುದಿಲ್ಲ.

ಟ್ರೈವಿಂಗ್ ಟೀಚರ್:
ಶೆಟ್ಟರೆ, ಮೊದಲ ಪೋಸ್ಟಿನಲ್ಲಿ ಟಯರ್ ಅಂದವರು ನೀವೇ ಅಲ್ವಾ? 😀

ನ್ಯೂಯಾರ್ಕ್‌ನ ನಿಂಟೆಂಡೊ ಅಂಗಡಿಯಲ್ಲಿ ಬಹಳ ಕಾಲ ಒಂದು ಗೇಮ್ ಬಾಯ್ ಪ್ರದರ್ಶನಕ್ಕೆ ಇಟ್ಟಿದ್ದರು. ಗಲ್ಫ್ ಯುದ್ಧದಲ್ಲಿ ಸುಟ್ಟು, ಮುಂಭಾಗ ಕರಗಿ ಗುಳ್ಳೆ ಎದ್ದು ಕಪ್ಪಾಗಿದೆ. ಆದರೂ ಟೆಟ್ರಿಸ್ ಓಡುತ್ತಿತ್ತು. ಅದಕ್ಕೆ ಯಾರಾದರೂ ಹೊಸ ಶೆಲ್ ಹಾಕಿದ್ದರೆ ಏನು ಉಳಿಯುತ್ತಿತ್ತು? ಬೋರ್ಡ್ ಒರಿಜಿನಲ್, ಚಿಪ್ ಒರಿಜಿನಲ್, ಆದರೆ ಪ್ರದರ್ಶನಕ್ಕೆ ಇಡಲು ಏನೂ ಇಲ್ಲ. 'ಬೋರ್ಡ್ ಒರಿಜಿನಲ್ ಸಾರ್' ಅನ್ನುವ ಮಾರಾಟಗಾರನಿಗೆ ಇದನ್ನು ಕಳಿಸಿ.

ಹಾರ್ಡ್‌ಆಫ್ ಹರಿ:
ನಗೋಯಾದಿಂದ ನಮಸ್ಕಾರ. ಇಲ್ಲಿ ಹಾರ್ಡ್ ಆಫ್ ಅಂತ ಸೆಕೆಂಡ್ ಹ್ಯಾಂಡ್ ಅಂಗಡಿಗಳ ಸರಣಿ ಇದೆ. ನೀಲಿ ಬುಟ್ಟಿಗಳಲ್ಲಿ 'ಜಂಕ್' ಸಾಮಾನು ಹಾಕಿರುತ್ತಾರೆ, ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ. ಮೊದಲೆಲ್ಲ ಅದರಲ್ಲಿ ಗೇಮ್ ಬಾಯ್ ಪಾಕೆಟ್, ಕಲರ್, ಅಡ್ವಾನ್ಸ್ ಸುಲಭವಾಗಿ ಸಿಗುತ್ತಿತ್ತು, ಈಗ ಪೈಪೋಟಿ ಜಾಸ್ತಿ.

ನಾನು ಕೇಳಬೇಕಾದ್ದು ಇದು. ನನ್ನ ಹತ್ತಿರ ಕೆಟ್ಟ ಬೋರ್ಡಿನ ಒಂದು ಕಲರ್ ಇದೆ, ಶೆಲ್ ಚೆನ್ನಾಗಿದೆ. ಇನ್ನೊಂದರ ಬೋರ್ಡ್ ಚೆನ್ನಾಗಿದೆ, ಶೆಲ್ ಒಡೆದಿದೆ. ಎರಡೂ ಸೇರಿಸಿ ಒಂದು ಮಾಡಿದೆ ಅಂದುಕೊಳ್ಳಿ. ಪ್ರತಿಯೊಂದು ಸ್ಕ್ರೂ ಕೂಡ ನಿಂಟೆಂಡೊದ್ದೇ. ಆದರೆ ಈ ಎರಡು ಭಾಗ ಫ್ಯಾಕ್ಟರಿಯಲ್ಲಿ ಒಂದರ ಮುಖ ಒಂದು ನೋಡಿಲ್ಲ. ಇದು ಒರಿಜಿನಲ್ಲಾ? ಅಥವಾ ಹೇಳಿಯೇ ರಿಪ್ರೊ ಶೆಲ್ ಹಾಕಿದ್ದು ಇದಕ್ಕಿಂತ ಪ್ರಾಮಾಣಿಕವಾ?

ಜನತಾಗೆ_ಕೀ_ಕೊಡಿ:
ಹರಿ, ಇದಕ್ಕೇ ನಾನು ಕಾಯುತ್ತಿದ್ದೆ. ವಾಚ್ ಲೋಕದಲ್ಲೂ ಇದೇ, ನಾಲ್ಕು ವಾಚಿನಿಂದ ಒಂದು ಕಟ್ಟುತ್ತಾರೆ.

ನನ್ನ ಲೆಕ್ಕ ಹೀಗೆ. ಅಲ್ಲಿ ಭಾಗಗಳೆಲ್ಲ ಅಸಲಿ, ಆದರೆ ಸ್ಟಿಕ್ಕರ್ ಮೇಲಿನ ನಂಬರ್ ಈಗ ಬೇರೆ ಬೋರ್ಡಿನ ಕಥೆ ಹೇಳುತ್ತಿದೆ. ಗೊತ್ತಿರುವವರು ಹಿಡಿಯುತ್ತಾರೆ. ಚಿಪ್‌ಗಳ ಮೇಲೆ ನಾಲ್ಕು ಅಂಕಿ ಇರುತ್ತದಲ್ಲ, ಮೊದಲೆರಡು ವರ್ಷ, ಕೊನೆಯೆರಡು ವಾರ. 9845 ಅಂದರೆ 1998ರ 45ನೇ ವಾರ. ಹಳೆ ಬೂದು ಗೇಮ್ ಬಾಯ್‌ನಲ್ಲಂತೂ ಮುಖ್ಯ ಬೋರ್ಡ್ ಬೇರೆ, ಸ್ಕ್ರೀನ್ ಬೋರ್ಡ್ ಬೇರೆ, ಎರಡನ್ನೂ ರಿಬ್ಬನ್ ಸೇರಿಸುತ್ತದೆ. ಒಂದರ ಚಿಪ್ 1989, ಇನ್ನೊಂದರದ್ದು 1994 ಅಂತ ಇದ್ದರೆ ಅವು ಹುಟ್ಟಿನಿಂದ ಜೋಡಿ ಅಲ್ಲ.

ಆದರೆ ಅದರಿಂದ ಮೋಸ ಆಗಿದೆ ಅಂತ ತಕ್ಷಣ ಹೇಳಲೂ ಬರಲ್ಲ. ಆಗ ನಿಂಟೆಂಡೊ ರಿಪೇರಿಗೆ ಕಳಿಸಿದರೆ ಅವರೇ ಭಾಗಗಳನ್ನು ಬದಲಿಸಿ ಕೊಡುತ್ತಿದ್ದರು. ಕಂಪನಿಯೇ ಮಾಡಿದ ಬೆರಕೆ ಒರಿಜಿನಲ್, ಹರಿ ನಗೋಯಾದಲ್ಲಿ ಕೂತು ಮಾಡಿದ್ದು ಬೆರಕೆ ಅಂದರೆ ಅದಕ್ಕೂ ಉತ್ತರ ಕೊಡಬೇಕಾಗುತ್ತದೆ. ನನ್ನ ಮಟ್ಟಿಗೆ ಹರಿಯ ಕಲರ್ ಒಳ್ಳೆಯದೇ, ಆದರೆ 'ಎರಡರಿಂದ ಒಂದು' ಅಂತ ಹೇಳಬೇಕು.

ಪಿಕ್ಸೆಲ್ ಪಾಪಣ್ಣ:
ಈ ಮಟ್ಟಕ್ಕೆ ಹೋದರೆ ಯಾರೂ ಏನೂ ಮುಟ್ಟುವ ಹಾಗಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಅಗರಬತ್ತಿ ಹಚ್ಚಿ. ಗೇಮ್ ಬಾಯ್ ಮತ್ತು ಕಲರ್ ಎರಡೂ ಸೇರಿ 11.87 ಕೋಟಿ ಮಾರಾಟ ಆಗಿದೆ. ಇದೇನು ಹೊಯ್ಸಳರ ಶಿಲ್ಪನಾ?

ಟ್ರೈವಿಂಗ್ ಟೀಚರ್:
ಪಾಪಣ್ಣ, 11.87 ಕೋಟಿ ಮಾರಾಟ ಆಗಿದ್ದು ಸರಿ. ಅದರಲ್ಲಿ ಕತ್ತರಿಸದ ಶೆಲ್ ಇರುವವು ದಿನಾ ಕಡಿಮೆ ಆಗುತ್ತಿವೆ, ನಾನು ಕಣ್ಣಾರೆ ನೋಡುತ್ತಿದ್ದೇನೆ.

ನಿನ್ನ ಐಪಿಎಸ್ ವಿಷಯಕ್ಕೇ ಬರುತ್ತೇನೆ. ಮೊದಮೊದಲು ಬಂದ ಕಿಟ್‌ಗಳಲ್ಲಿ ಸ್ಕ್ರೀನ್ ಸ್ವಲ್ಪ ದೊಡ್ಡದು, ಹಳೆ ಶೆಲ್ ಒಳಗೆ ಕೂರುತ್ತಿರಲಿಲ್ಲ. ಹಾಗಾಗಿ ಎಷ್ಟೋ ಜನ ಒರಿಜಿನಲ್ ಶೆಲ್‌ನ ಒಳಗಿನ ಗೋಡೆ, ಕಂಬ ಎಲ್ಲ ಕಟಿಂಗ್ ಪ್ಲೈಯರ್‌ನಲ್ಲಿ ಕತ್ತರಿಸಿ ಹಾಕಿದರು. ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ನಾಳೆ ಆ ಐಪಿಎಸ್ ಕೆಟ್ಟು ಹಳೆ ಸ್ಕ್ರೀನ್ ವಾಪಸ್ ಹಾಕೋಣ ಅಂದರೆ ಹಿಡಿದುಕೊಳ್ಳಲು ಒಳಗೆ ಏನೂ ಇಲ್ಲ. ಕತ್ತರಿಸಿದ್ದು ಮತ್ತೆ ಬೆಳೆಯಲ್ಲ.

ಈಗ ರಿಪ್ರೊ ಶೆಲ್‌ಗಳು ಐಪಿಎಸ್‌ಗೆ ಅಂತಲೇ ಒಳಗೆ ಜಾಗ ಬಿಟ್ಟು ಅಚ್ಚು ಹಾಕಿ ಬರುತ್ತವೆ. ಅದಕ್ಕೇ ನಾನು ರಿಪ್ರೊ ಶೆಲ್ ವಿರೋಧಿ ಅಲ್ಲ, ಪರ. ನಿನಗೆ ಬೆಳಕು ಬೇಕಾ, ರಿಪ್ರೊ ಶೆಲ್ ತಗೋ, ಅದರಲ್ಲಿ ಐಪಿಎಸ್ ಕೂರಿಸು, ದಿನಾ ಬಸ್ಸಿನಲ್ಲಿ ಆಡು, ಬೀಳಿಸು. ಹಳೆ ಶೆಲ್, ಹಳೆ ಸ್ಕ್ರೀನ್, ಲೆನ್ಸ್ ಎಲ್ಲ ಒಂದು ಕವರಿನಲ್ಲಿ ಹಾಕಿ ಮೇಲೆ ಬರೆದಿಡು. ಬೇಕಾದಾಗ ಒಂದು ಸಂಜೆಯಲ್ಲಿ ಮತ್ತೆ 1998ಕ್ಕೆ ಹೋಗಬಹುದು. ರಿಪ್ರೊ ಭಾಗದಿಂದ ಒರಿಜಿನಲ್ ಹಾಳಾಗುತ್ತದೆ ಅಂತ ಕೂಗುವವರು ಇದನ್ನು ನೋಡಲ್ಲ, ಎಷ್ಟೋ ಸಲ ಒರಿಜಿನಲ್ ಉಳಿಯುವುದೇ ರಿಪ್ರೊ ಇರುವುದರಿಂದ.

ಮತ್ತೆ ಇನ್ನೊಂದು, ಐಪಿಎಸ್ ಹಾಕಿದ ಮೇಲೆ 'ಕೆಂಪು ದೀಪ ಬರುತ್ತಿದೆ, ಆಫ್ ಆಗುತ್ತಿದೆ' ಅಂತ ಬರುವವರು ಬಹಳ. ಹೊಸ ಸ್ಕ್ರೀನ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಹಳೆ ಪವರ್ ಸ್ವಿಚ್ ಒಳಗೆ ಕೊಳೆ ಇದ್ದರೆ ತಡೆಯಲ್ಲ. ಸ್ವಿಚ್ ಕ್ಲೀನ್ ಮಾಡಿ ಮೊದಲು, ಬೋರ್ಡ್ ಕೆಟ್ಟಿದೆ ಅಂತ ಎಸೆಯಬೇಡಿ.

ಪಿಕ್ಸೆಲ್ ಪಾಪಣ್ಣ:
ಇದನ್ನು ಒಪ್ಪುತ್ತೇನೆ ಮೇಡಂ. ನನ್ನ ಹಳೆ ಸ್ಕ್ರೀನ್‌ಗಳು ಡ್ರಾಯರ್‌ನಲ್ಲಿವೆ, ಕವರ್ ಮೇಲೆ ಬರೆದಿಲ್ಲ ಅಷ್ಟೇ.

ಹಾರ್ಡ್‌ಆಫ್ ಹರಿ:
ಸ್ಕ್ರೀನ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಹಳೆ ಎಲ್‌ಸಿಡಿ ನಿಧಾನ. ಚಿತ್ರ ಅಳಿಸಲು ಸಮಯ ತಗೊಳ್ಳುತ್ತದೆ, ಬಾಲ ಬಿಡುತ್ತದೆ. ಆಟ ಮಾಡಿದವರು ಅದನ್ನೇ ಉಪಯೋಗಿಸಿಕೊಂಡರು. ಒಂದು ಫ್ರೇಮ್ ತೋರಿಸಿ, ಒಂದು ಫ್ರೇಮ್ ಮರೆಮಾಡಿ, ಹಾಗೇ ಮಾಡುತ್ತಿದ್ದರೆ ಹಳೆ ಸ್ಕ್ರೀನ್ ಮೇಲೆ ಅದು ಅರೆ ಪಾರದರ್ಶಕವಾಗಿ ಕಾಣುತ್ತದೆ. ಅದೇ ಆಟ ಚುರುಕಾದ ಐಪಿಎಸ್ ಮೇಲೆ ಹಾಕಿದರೆ ಕಣ್ಣಿಗೆ ಹೊಡೆಯುವ ಹಾಗೆ ಮಿಣುಕುತ್ತದೆ. ಬಣ್ಣವೂ ಅಷ್ಟೇ. ಅಡ್ವಾನ್ಸ್ ಸ್ಕ್ರೀನ್ ಕತ್ತಲೆ ಅಂತ ಎಷ್ಟೋ ಆಟಗಳಲ್ಲಿ ಬಣ್ಣವನ್ನು ಬೇಕಂತಲೇ ಹೆಚ್ಚು ಹೊಳಪಾಗಿ ತುಂಬಿದರು. ಬ್ಯಾಕ್‌ಲೈಟ್ ಮೇಲೆ ಅದು ಜಾತ್ರೆ ಬಲೂನ್ ಬಣ್ಣ.

ಹಾಗಾಗಿ ಪಾಪಣ್ಣ ಕೇಳಿದ 'ಕಾಣುವ ಆಟ ಅಸಲಿಯೋ' ಅನ್ನುವುದಕ್ಕೆ ನನ್ನ ಉತ್ತರ, ಆಟದ ಮೇಲೆ ಹೋಗುತ್ತದೆ. ಕ್ಯಾಸಲ್‌ವೇನಿಯಾ ಬೆಳಕಿನಲ್ಲಿ ಚೆಂದ. ಇನ್ನು ಕೆಲವು ಹಳೆ ಸ್ಕ್ರೀನ್ ಮೇಲೆ ಮಾತ್ರ ಸರಿ. ಎರಡೂ ಇಟ್ಟುಕೊಳ್ಳುವ ಜಾಗ, ದುಡ್ಡು ಇದ್ದವರೇ ಪುಣ್ಯವಂತರು.

ನೂರೊಂದು ಗೇಮ್:
ನಡುವೆ ಬರುತ್ತಿದ್ದೇನೆ, ಬೈಯಬೇಡಿ. ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ತೆಗೆದುಕೊಳ್ಳಬೇಕು ಅಂತಿದ್ದೇನೆ. 101 ಮಾಡೆಲ್ ಸ್ಕ್ರೀನ್ ಬಹಳ ಚೆನ್ನಾಗಿದೆಯಂತೆ, ರೇಟೂ ಜಾಸ್ತಿ. ಹಿಂದಿನ ಸ್ಟಿಕ್ಕರ್ ನೋಡಿ ತಗೊಂಡರೆ ಸಾಕಾ?

ಟ್ರೈವಿಂಗ್ ಟೀಚರ್:
ಸಾಕಾಗಲ್ಲ! ಇಷ್ಟು ಹೊತ್ತು ಸ್ಟಿಕ್ಕರ್ ಬಗ್ಗೆಯೇ ಮಾತಾಡುತ್ತಿದ್ದೇವೆ ನೋಡಿ. ಎಜಿಎಸ್ ಅನ್ನುವುದು ಎಸ್‌ಪಿಯ ಮಾಡೆಲ್ ನಂಬರ್; ಎಜಿಎಸ್-001ರ ಶೆಲ್ ಬದಲಿಸಿ ಎಜಿಎಸ್-101 ಅಂತ ಪ್ರಿಂಟ್ ಹಾಕಿದ ಸ್ಟಿಕ್ಕರ್ ಅಂಟಿಸಿ ಮಾರುವವರು ಇದ್ದಾರೆ. ಸ್ಟಿಕ್ಕರ್ ಬಿಡಿ, ಆನ್ ಮಾಡಿ. ಕೀಗಳ ನಡುವೆ ಮೇಲ್ಗಡೆ ಸೂರ್ಯನ ಚಿತ್ರ ಇರುವ ಸಣ್ಣ ಬಟನ್ ಒತ್ತಿ. ದೀಪ ಪೂರ್ತಿ ಆರಿ, ಆದರೂ ಹೊರಗಿನ ಬೆಳಕಿನಲ್ಲಿ ಚಿತ್ರ ಕಂಡರೆ ಅದು 001, ಫ್ರಂಟ್ ಲೈಟ್. ದೀಪ ಆರದೆ ಬರೀ ಕಡಿಮೆ, ಜಾಸ್ತಿ ಆಗುತ್ತಿದ್ದರೆ 101. ಮಾರುವವರು ದೂರ ಇದ್ದರೆ ಇದರ ವಿಡಿಯೊ ಕೇಳಿ. ಕಳಿಸಲ್ಲ ಅಂದರೆ ತಗೋಬೇಡಿ. ಹಾಂ, ಬೇರೆ ಐಪಿಎಸ್ ಹಾಕಿದ್ದರೆ ಅದರಲ್ಲಿ ಬೆಳಕಿನ ಹಂತ ಇನ್ನೂ ಜಾಸ್ತಿ ಇರುತ್ತದೆ, ಅದೂ 101 ಅಲ್ಲ.

ಕೀಲು ನೋಡಿ. ರಿಪ್ರೊ ಎಸ್‌ಪಿ ಶೆಲ್‌ನ ಕೀಲಿನ ಹತ್ತಿರ ಬಿರುಕು ಬೇಗ ಬರುತ್ತದೆ, ಮುಚ್ಚಳ ಸಡಿಲ ಇರುತ್ತದೆ. ಸ್ಕ್ರೂ ನೋಡಿ ನಿರ್ಧಾರ ಮಾಡಬೇಡಿ. ಮೂರು ರೆಕ್ಕೆಯ ಸ್ಕ್ರೂ ಇದ್ದರೆ ಅಸಲಿ ಅಂತ ಹೇಳುವವರಿದ್ದಾರೆ, ಈಗ ರಿಪ್ರೊ ಶೆಲ್ ಜೊತೆ ಅದೇ ಸ್ಕ್ರೂ ಉಚಿತ.

ಶಾರ್ಜಾ_ಶೆಟ್ಟಿ:
ಕಾರ್ಟ್ರಿಜ್ಜಿನ ಬಗ್ಗೆಯೂ ಹೇಳಿ ಬಿಡಿ ಟೀಚರ್, ಅಲ್ಲಿ ಮೋಸ ಹೋಗುವವರೇ ಹೆಚ್ಚು.

ಟ್ರೈವಿಂಗ್ ಟೀಚರ್:
ಅದು ಬೇರೆ ಕತೆ ಶೆಟ್ಟರೆ. ಅಲ್ಲಿ ಭಾಗ ಅಲ್ಲ, ಇಡೀ ವಸ್ತುವೇ ನಕಲಿ. ಚಿಕ್ಕದಾಗಿ: ಅಸಲಿ ಅಡ್ವಾನ್ಸ್ ಕಾರ್ಟ್ರಿಜ್‌ನ ಲೇಬಲ್ ಮೇಲೆ ಒತ್ತಿ ಮೂಡಿಸಿದ ಎರಡಂಕಿ ಇರುತ್ತದೆ, ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ. ಕೆಳಗಿನ ಬಾಯಿಯಲ್ಲಿ ಇಣುಕಿದರೆ ಪಿನ್‌ಗಳ ಮೇಲೆ ಬೋರ್ಡಿನಲ್ಲಿ ನಿಂಟೆಂಡೊ ಅಂತ ಅಚ್ಚಾಗಿರುತ್ತದೆ. ಪೋಕೆಮಾನ್ ಫೈರ್‌ರೆಡ್‌ನ ಅಸಲಿಯಲ್ಲಿ ಬ್ಯಾಟರಿಯೇ ಇಲ್ಲ, ಒಳಗೆ ಬ್ಯಾಟರಿ ಕಂಡರೆ ನಕಲಿ. ಎಮರಾಲ್ಡ್‌ನಲ್ಲಿ ಇದೆ, ಅದು ಗಡಿಯಾರಕ್ಕೆ, ಸತ್ತರೂ ಸೇವ್ ಹೋಗಲ್ಲ. 'ಬ್ಯಾಟರಿ ಸತ್ತು ಸೇವ್ ಹೋಯಿತು' ಅಂತ ಯಾರಾದರೂ ಎಮರಾಲ್ಡ್ ಬಗ್ಗೆ ಹೇಳಿದರೆ ಅನುಮಾನ ಪಡಿ.

ಬ್ಯಾಟರಿಡಬ್ಬ:
ಎಲ್ಲರ ಮಾತೂ ಓದಿದೆ. ಮಾರಾಟಗಾರ ಅರ್ಧ ದುಡ್ಡು ವಾಪಸ್ ಕೊಡಲು ಒಪ್ಪಿದ್ದಾನೆ, ಬಹಳ ಗೊಣಗಿದ. ಕಲರ್ ಇಟ್ಟುಕೊಳ್ಳುತ್ತೇನೆ. ಶೆಲ್ ಹಾಗೇ ಇರಲಿ, ಸ್ಟಿಕ್ಕರ್ ಕಿತ್ತು ಹಾಕಿದೆ. ಜನತಾ ಅವರು ಹೇಳಿದ ಹಾಗೆ ಒಂದು ಚೀಟಿ ಬರೆದು ಬ್ಯಾಟರಿ ಮುಚ್ಚಳದ ಒಳಗೆ ಇಡೋಣ ಅಂತಿದ್ದೇನೆ. 'ಬೋರ್ಡ್, ಸ್ಕ್ರೀನ್, ಸ್ಪೀಕರ್ ಒರಿಜಿನಲ್. ಶೆಲ್, ಲೆನ್ಸ್, ಬಟನ್, ರಬ್ಬರ್ ರಿಪ್ರೊ.' ಇಷ್ಟೇ.

ಪಿಕ್ಸೆಲ್ ಪಾಪಣ್ಣ:
ಮುಂದಿನವನು ಆ ಚೀಟಿ ಎಸೆದು 'ಮಿಂಟ್ ಕಂಡಿಷನ್' ಅಂತ ಮಾರುತ್ತಾನೆ, ಬರೆದಿಟ್ಟುಕೋ.

ಜನತಾಗೆ_ಕೀ_ಕೊಡಿ:
ಎಸೆಯಬಹುದು. ಅದಕ್ಕೇ ಬ್ಯಾಟರಿ ಜಾಗದಲ್ಲಿ ಬೇಡ, ಸೆಲ್ ಸೋರಿದರೂ ಹಾಳಾಗುತ್ತದೆ. ಶೆಲ್ ಒಳಮೈ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ 'ರಿಪ್ರೊ' ಅಂತ, ಜೊತೆಗೆ ಹಾಕಿದ ವರ್ಷ ಬರೆಯಿರಿ. ಪಾರದರ್ಶಕ ಶೆಲ್ ಅಂದಿರಲ್ಲ, ಬ್ಯಾಟರಿ ಬರುವ ಕಡೆ ಬರೆದರೆ ಹೊರಗೆ ಕಾಣಲ್ಲ. ನಿಮ್ಮದು ರಿಪ್ರೊ ಶೆಲ್, ಅದರ ಮೇಲೆ ಬರೆದರೆ ಯಾರಿಗೂ ನಷ್ಟ ಇಲ್ಲ. ಒರಿಜಿನಲ್ ಶೆಲ್ ಮೇಲೆ ಮಾತ್ರ ಬರೆಯಬೇಡಿ.

ನಮ್ಮ ಗುಂಪಿನಲ್ಲಿ ಮಾರುವವರಿಗೂ ಇದೇ ನಿಯಮ ಮಾಡಿ ಅಂತ ಕೇಳುತ್ತೇನೆ. 'ಒರಿಜಿನಲ್' ಅನ್ನುವ ಒಂದು ಪದ ಬೇಡ. ಯಾವ ಭಾಗ ಹಳೆಯದು, ಯಾವುದು ಹೊಸದು ಅಂತ ಎರಡು ಸಾಲು, ಜೊತೆಗೆ ಬಿಚ್ಚಿದ ಫೋಟೋ. ಬಿಚ್ಚಲು ಬರಲ್ಲ ಅಂದರೆ 'ಬಿಚ್ಚಿ ನೋಡಿಲ್ಲ' ಅಂತ ಬರೆಯಲಿ, ಅದೂ ಒಂದು ಮಾಹಿತಿ.

ಹಾರ್ಡ್‌ಆಫ್ ಹರಿ:
ನನ್ನ ಬೆಂಬಲ ಇದೆ. ನನ್ನ 'ಎರಡರಿಂದ ಒಂದು' ಕಲರ್ ಮೊದಲ ಜಾಹೀರಾತು ಆಗಲಿ. 😄

ನೂರೊಂದು ಗೇಮ್:
ಎಸ್‌ಪಿ ಕಥೆ ಬಿಟ್ಟೆ, ಆ ಮಾರಾಟಗಾರ ವಿಡಿಯೊ ಕಳಿಸಲಿಲ್ಲ. ಬದಲಿಗೆ ನಮ್ಮ ಚಿಕ್ಕಪ್ಪನ ಮನೆ ಅಟ್ಟದಲ್ಲಿ ಹಳೆ ಬೂದು ಗೇಮ್ ಬಾಯ್ ಸಿಕ್ಕಿತು! ಆನ್ ಆಗುತ್ತದೆ, ಸೌಂಡ್ ಇದೆ. ಆದರೆ ಸ್ಕ್ರೀನ್‌ನಲ್ಲಿ ಮೇಲಿಂದ ಕೆಳಗೆ ಬಿಳಿ ಗೆರೆಗಳು, ಅಲ್ಲೆಲ್ಲ ಚಿತ್ರ ಇಲ್ಲ. ಸ್ಕ್ರೀನ್ ಹೋಗಿದೆ, ಐಪಿಎಸ್ ಹಾಕಿಸು ಅಂತ ಅಂಗಡಿಯವರು ಹೇಳಿದರು. ಹಾಕಿಸಲಾ?

ಟ್ರೈವಿಂಗ್ ಟೀಚರ್:
ತಡೆಯಿರಿ, ಕಿಟ್ ತರಿಸಬೇಡಿ. ಸ್ಕ್ರೀನ್ ಹೋಗಿಲ್ಲ. ಸ್ಕ್ರೀನ್‌ನ ಕೆಳ ಅಂಚಿಗೆ ಒಂದು ತೆಳು ರಿಬ್ಬನ್ ಅಂಟಿಸಿರುತ್ತಾರೆ, ಹಳೆಯದಾದ ಮೇಲೆ ಅದರ ಅಂಟು ಅಲ್ಲಲ್ಲಿ ಬಿಟ್ಟುಕೊಳ್ಳುತ್ತದೆ. ಬಿಟ್ಟ ಕಡೆ ಗೆರೆ. ಮುಂಭಾಗ ಬಿಚ್ಚಿ, ಸ್ಕ್ರೀನ್ ಕೆಳಗಿನ ರಬ್ಬರ್ ಪಟ್ಟಿ ಸರಿಸಿ, ಆನ್ ಮಾಡಿ ಇಟ್ಟುಕೊಂಡು, ಸೋಲ್ಡರಿಂಗ್ ಐರನ್ ಕಡಿಮೆ ಬಿಸಿಯಲ್ಲಿ ಆ ರಿಬ್ಬನ್ ಅಂಚಿನ ಮೇಲೆ ಮೆಲ್ಲಗೆ ಆ ಕಡೆ ಈ ಕಡೆ ಎಳೆಯಿರಿ. ಒತ್ತಬೇಡಿ, ಒಂದೇ ಕಡೆ ನಿಲ್ಲಿಸಬೇಡಿ, ಸುಟ್ಟು ಹೋಗುತ್ತದೆ. ಗೆರೆಗಳು ಒಂದೊಂದಾಗಿ ತುಂಬಿಕೊಳ್ಳುವುದು ಕಣ್ಣೆದುರೇ ಕಾಣುತ್ತದೆ.

ಅಡ್ಡ ಗೆರೆ ಇದ್ದರೆ ಅದು ಪಕ್ಕದ ರಿಬ್ಬನ್, ಅದಕ್ಕೆ ಕೈ ಹಾಕಬೇಡಿ, ನನಗೆ ಕಳಿಸಿ.

ನೂರೊಂದು ಗೇಮ್:
ಮೇಡಂ! ಗೆರೆ ಎಲ್ಲ ಹೋಯಿತು, ಎಡಗಡೆ ತುದಿಯಲ್ಲಿ ಒಂದೇ ಒಂದು ಉಳಿದಿದೆ. ಇನ್ನೊಂದು ಸಲ ಎಳೆಯಲಾ, ಅಥವಾ ಸಾಕಾ?

ಟ್ರೈವಿಂಗ್ ಟೀಚರ್:
ಸಾಕು. ತುದಿಯಲ್ಲಿ ಒಂದು ಗೆರೆ ಇದ್ದರೆ ಆಟಕ್ಕೆ ತೊಂದರೆ ಇಲ್ಲ. ತಣ್ಣಗಾಗಲು ಬಿಡಿ, ನಾಳೆ ಬೇಕಾದರೆ ನೋಡಿ. ಬ್ಯಾಟರಿ ಹಾಕಿ ಹಾಗೇ ಇಟ್ಟು ಮರೆಯಬೇಡಿ, ಸೋರುತ್ತದೆ.